ದಿನಕ್ಕೆ ಎರಡೇ ತಾಸು ನಡೆಯುವ ಕ್ಯಾಮೆರಾ: ನಾಲ್ಕು ವರ್ಷ ಬಳಸಿದ ಮೇಲೆ

60 ಪಟ್ಟು ಜೂಮ್, ಬಿಚ್ಚಲು ಬಾರದ ಲೆನ್ಸು, ಮುಂದೆ ಹೊಟ್ಟೆ ಬಿಟ್ಟುಕೊಂಡ ಆಕಾರ. ಬ್ರಿಜ್ ಕ್ಯಾಮೆರಾ ಅಂತಾರಲ್ಲ, ಅದು. ಕಂಪನಿಯ ಹೆಸರು ಬರೆಯುವುದಿಲ್ಲ, ಮುಂದೆ ಬೈಯುವುದಿದೆ. ಅಲ್ಲದೆ ಈ ಜಾತಿಯ ಮೂರ್ನಾಲ್ಕು ಮಾಡೆಲ್ ಗೆಳೆಯರ ಕೈಯಿಂದ ಇಸಿದುಕೊಂಡು ನೋಡಿದ್ದೇನೆ, ಎಲ್ಲದರ ಜಾತಕವೂ ಹೆಚ್ಚುಕಡಿಮೆ ಒಂದೇ. ಮೆಗಾಪಿಕ್ಸೆಲ್, ತೂಕ, ವಿಡಿಯೊ ಇವೆಲ್ಲ ನೀವು ಆಗಲೇ ನೋಡಿರುತ್ತೀರಿ. ಡಬ್ಬಿಯ ಮೇಲೆ ಬರೆದಿರದ ಒಂದು ಮಾತು ಮಾತ್ರ ನಾನು ಹೇಳಬೇಕು: ನಮ್ಮ ಕಡೆ ಇದು ದಿನಕ್ಕೆ ಎರಡು ತಾಸು ನಡೆಯುತ್ತದೆ. ಉಳಿದ ಹೊತ್ತು ಕೊರಳಿಗೆ ಭಾರ.

ನನ್ನದು ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಬೀಜ-ಗೊಬ್ಬರದ ಅಂಗಡಿ. ನಾಲ್ಕು ವರ್ಷದ ಹಿಂದೆ ದೀಪಾವಳಿ ಕಳೆದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಾಗ ಹುಬ್ಬಳ್ಳಿಗೆ ಹೋಗಿ 26 ಸಾವಿರಕ್ಕೆ ತಂದೆ. ಕಾರಣ ಮಾಗಡಿ ಕೆರೆ. ಮನೆಯಿಂದ 11 ಕಿಲೋಮೀಟರ್, ಬೈಕಿನಲ್ಲಿ ಇಪ್ಪತ್ತು ನಿಮಿಷ. 134 ಎಕರೆಯ ಆ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಜಗತ್ತಿನ ಮುಖ್ಯ ಕೆರೆ-ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ದೂರದ ಊರಿನವರೂ ಕಾರು ಮಾಡಿಕೊಂಡು ಬರುತ್ತಿದ್ದಾರೆ. ನಾವು ಚಿಕ್ಕವರಿದ್ದಾಗಿನಿಂದ ನೋಡುತ್ತಿದ್ದೇವೆ. ಆದರೆ ನೋಡುವುದೆಂದರೆ ನೀರಿನ ನಡುವೆ ಬೂದು ಚುಕ್ಕಿಗಳ ಒಂದು ಗೆರೆ, ಅಷ್ಟೇ. ತಲೆಯ ಹಿಂದಿನ ಆ ಎರಡು ಕಪ್ಪು ಪಟ್ಟೆಯನ್ನು ಬರಿಗಣ್ಣಿನಿಂದ ನಾನು ಯಾವತ್ತೂ ನೋಡಿರಲಿಲ್ಲ.

ತಂದ ರಾತ್ರಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಚಂದ್ರನ ಫೋಟೊ. ಮಾಳಿಗೆ ಮೇಲೆ ನಿಂತು ತೆಗೆದರೆ ಕುಳಿಗಳೆಲ್ಲ ಎಣಿಸುವ ಹಾಗೆ ಬಂದವು. ಓಣಿಯವರೆಲ್ಲ ಬಂದು ನೋಡಿದರು. ಈ ಕ್ಯಾಮೆರಾದ ದೊಡ್ಡ ಮೋಸ ಇದೇ ನೋಡಿ. ಲಕ್ಷಾಂತರ ಕಿಲೋಮೀಟರ್ ದೂರದ ಚಂದ್ರ ಇಷ್ಟು ಚೆಂದ ಬಂದರೆ, ಮುನ್ನೂರು ಮೀಟರ್ ದೂರದ ಬಾತುಕೋಳಿ ಹೇಗೆ ಬರಬೇಡ?

ಮರುದಿನ ಅಂಗಡಿ ಹುಡುಗನಿಗೆ ಒಪ್ಪಿಸಿ ಹನ್ನೊಂದು ಗಂಟೆಗೆ ಕೆರೆಗೆ ಹೋದೆ. ಬಿಸಿಲು ಚೆನ್ನಾಗಿತ್ತು. ಪೂರ್ತಿ ಜೂಮ್ ಎಳೆದೆ. ಹಕ್ಕಿ ಪರದೆ ತುಂಬ ಬಂತು, ಆದರೆ ಹಕ್ಕಿಯಾಗಿ ಬರಲಿಲ್ಲ. ನೀರಲ್ಲಿ ನೆನೆದ ಬಣ್ಣದ ಚಿತ್ರ ಕದಡಿದ ಹಾಗೆ, ಅಂಚೆಲ್ಲ ಕುಣಿಯುತ್ತಿತ್ತು. ಇನ್ನೂರು ಫೋಟೊ ತೆಗೆದೆ, ಇನ್ನೂರೂ ಹಾಗೇ. ಲೆನ್ಸು ಹಾಳು ಎಂದುಕೊಂಡು ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಅದು ಬಿಸಿಲ್ಗುದುರೆ. ಎರೆಹೊಲ ಕಾಯ್ದಾಗ ನೆಲದ ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಒಂದರೊಳಗೊಂದು ಕಲೆಯುವಾಗ ಅದರೊಳಗಿಂದ ಹಾಯುವ ಬೆಳಕು ಅತ್ತಿತ್ತ ಬಾಗುತ್ತದೆ. ಬರಿಗಣ್ಣಿಗೆ ಗೊತ್ತಾಗದ ಈ ಕುಣಿತವನ್ನು 60 ಪಟ್ಟು ಜೂಮ್ ಹಕ್ಕಿಯ ಜೊತೆಗೇ 60 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಚಂದ್ರ ತಲೆ ಮೇಲಿರುತ್ತಾನೆ, ರಾತ್ರಿ ತಂಪಿರುತ್ತದೆ, ಹಾಗಾಗಿ ಬಚಾವ್. ಇದಕ್ಕೆ ಟ್ರೈಪಾಡ್ ಮದ್ದಲ್ಲ, ಎರಡು ಲಕ್ಷದ ಲೆನ್ಸೂ ಮದ್ದಲ್ಲ. ಹತ್ತಿರ ಹೋಗಬೇಕು, ಇಲ್ಲ ತಂಪು ಹೊತ್ತಿನಲ್ಲಿ ಹೋಗಬೇಕು. ಕೆರೆಯ ನಡುವೆ ಕೂತ ಹಕ್ಕಿಯ ಹತ್ತಿರ ಹೋಗುವುದು ಹೇಗೆ? ಹೋಗಲೂಬಾರದು, ಒಮ್ಮೆ ಎದ್ದರೆ ಇಡೀ ಹಿಂಡೇ ಏಳುತ್ತದೆ.

ಸರಿ, ಬೆಳಗಿನ ಜಾವ ಹೋಗೋಣ ಎಂದು ಹೋದೆ. ಅಲ್ಲಿ ಎರಡನೇ ಪೆಟ್ಟು. ಈ ಕ್ಯಾಮೆರಾಗಳ ಸೆನ್ಸಾರು, ಅಂದರೆ ಒಳಗೆ ಬೆಳಕು ಹಿಡಿಯುವ ಬಿಲ್ಲೆ, ಕಿರುಬೆರಳಿನ ಉಗುರಿನಷ್ಟು, ಜೂಮ್ ಎಳೆದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಏಳುವುದೇ ಏಳರ ಸುಮಾರಿಗೆ. ಅದಕ್ಕೆ ಮೊದಲು ತೆಗೆದ ಪ್ರತಿ ಫೋಟೊದ ಮೇಲೂ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಬೆಳಕು ಸಾಲದಾಗ ಏರಿಸುವ ಐಎಸ್ಒ ಅಂಕಿ 800 ದಾಟಿದರೆ ಹೆಬ್ಬಾತಿನ ಗರಿ ಯಾವುದು, ಕಾಳು ಯಾವುದು ತಿಳಿಯುವುದಿಲ್ಲ. ಹೊಟ್ಟೆ ಉರಿಯುವುದು ಯಾಕೆಂದರೆ, ಈ ಹಕ್ಕಿಗಳು ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದು ಕೆರೆಗೆ ವಾಪಸ್ ಬರುವುದು ಆ ಮಬ್ಬಿನಲ್ಲೇ. ಸಾಲು ಸಾಲಾಗಿ, ಕೂಗುತ್ತ, ತಲೆಯ ಮೇಲೇ ಹಾದು ನೀರಿಗೆ ಇಳಿಯುತ್ತವೆ. ಆ ಹೊತ್ತಿನ ಒಂದೇ ಒಂದು ಒಳ್ಳೆಯ ಚಿತ್ರ ನಾಲ್ಕು ವರ್ಷದಲ್ಲಿ ನನ್ನ ಹತ್ತಿರ ಇಲ್ಲ.

ಹೀಗೆ ಒಂದು ಕಡೆಯಿಂದ ಕತ್ತಲೆ, ಇನ್ನೊಂದು ಕಡೆಯಿಂದ ಬಿಸಿಲ್ಗುದುರೆ ಒತ್ತಿಕೊಂಡು ಬಂದು ನಡುವೆ ಉಳಿಯುವುದು ಏಳೂಕಾಲರಿಂದ ಒಂಬತ್ತೂಕಾಲು. ಮೊದಲ ಚಳಿಗಾಲ ಪೂರ್ತಿ ಇದನ್ನು ಮಾರಿಬಿಡುವ ಯೋಚನೆಯಲ್ಲೇ ಕಳೆದೆ.

ಮಾರಲಿಲ್ಲ, ಯಾಕೆಂದರೆ ನನ್ನ ಅಂಗಡಿ ತೆಗೆಯುವುದು ಒಂಬತ್ತೂವರೆ-ಹತ್ತಕ್ಕೆ. ಅದಕ್ಕೂ ಎರಡೇ ತಾಸು ಬಿಡುವು, ನನಗೂ ಎರಡೇ ತಾಸು.

ಈಗ ನವೆಂಬರಿನಿಂದ ಮಾರ್ಚಿನವರೆಗೆ ವಾರಕ್ಕೆ ಮೂರು ದಿನ ಇದೇ ಪಾಠ. ರಾತ್ರಿಯೇ ಎರಡು ಬ್ಯಾಟರಿ ಚಾರ್ಜ್ ಆಗಿರಬೇಕು. ಬೆಳಿಗ್ಗೆ ಆರೂವರೆಗೆ ಮನೆಯವಳು ಚಹಾ ಕೊಡುತ್ತ ‘ಬರೂಮುಂದ ಕೊತ್ತಂಬ್ರಿ’ ಅನ್ನುತ್ತಾಳೆ. ಕ್ಯಾಮೆರಾವನ್ನು ಹಳೇ ಟವೆಲಿನಲ್ಲಿ ಸುತ್ತಿ ಬೈಕಿನ ಟ್ಯಾಂಕಿನ ಮೇಲಿನ ಚೀಲದಲ್ಲಿ ಇಡುತ್ತೇನೆ. ಅಂಗಿ ಜೇಬಿನಲ್ಲಿ ಹುರಿದ ಶೇಂಗಾ. ಇನ್ನೊಂದು ಸಾಮಾನಿದೆ, ಅದರ ಮೇಲೆ ನನಗೆ ಕ್ಯಾಮೆರಾಕ್ಕಿಂತ ಹೆಚ್ಚು ಪ್ರೀತಿ: ಒಂದು ಬಟ್ಟೆಯ ಚೀಲ. ಅಂಗಡಿಯಲ್ಲಿ ಖಾಲಿ ಬಿದ್ದಿದ್ದ ಬೀಜದ ಚೀಲಕ್ಕೆ ಕಾಳು ತುಂಬಿ ಬಾಯಿ ಹೊಲಿಸಿದ್ದು. ಗೋಡೆಯ ಮೇಲೋ ಕಲ್ಲಿನ ಮೇಲೋ ಇಟ್ಟು ಅದರ ಮೇಲೆ ಲೆನ್ಸು ಊರಿದರೆ ಕೈ ನಡುಗುವ ಮಾತೇ ಇಲ್ಲ. ಮೊದಲು ಬಿಳಿಜೋಳ ತುಂಬಿದ್ದೆ, ಮಳೆಗಾಲದಲ್ಲಿ ನುಸಿ ಹಿಡಿದು ಚೀಲವೇ ಹರಿದಾಡತೊಡಗಿತು. ಈಗ ಹುಣಸೆ ಬೀಜ. ಮೂರು ವರ್ಷವಾಯಿತು, ಹುಳ ಬಿದ್ದಿಲ್ಲ. ಖರ್ಚು, ದರ್ಜಿಗೆ ಕೊಟ್ಟ ಇಪ್ಪತ್ತು ರೂಪಾಯಿ.

ಈ ಚೀಲವನ್ನು ಮೊದಮೊದಲು ಬೈಕಿನ ಸೀಟಿನ ಮೇಲೇ ಇಡುತ್ತಿದ್ದೆ. ತಂಪು ಹೊತ್ತಿನಲ್ಲೂ ಫೋಟೊ ಅಲುಗಿದ ಹಾಗೆ ಬರುತ್ತಿದ್ದವು. ಕಾರಣ ತಿಳಿಯಲು ಒಂದು ತಿಂಗಳು ಹಿಡಿಯಿತು. ಆಗತಾನೇ ಓಡಿಸಿ ನಿಲ್ಲಿಸಿದ ಬೈಕಿನ ಇಂಜಿನ್ನಿನಿಂದ ಏಳುವ ಬಿಸಿ ಲೆನ್ಸಿನ ಮುಂದೆಯೇ ಹಾಯುತ್ತಿತ್ತು. ಬಿಸಿಲ್ಗುದುರೆಯನ್ನು ನಾನೇ ಮನೆಯಿಂದ ಓಡಿಸಿಕೊಂಡು ಬರುತ್ತಿದ್ದೆ.

ಎರಡನೇ ವರ್ಷದ ಜನವರಿಯಲ್ಲಿ ಒಂದು ದಿನ, ಎಂಟಕ್ಕೆ ಹತ್ತು ನಿಮಿಷವಿತ್ತು, ದಂಡೆಯ ಮೇಲೆ ನಿದ್ದೆಗಣ್ಣಲ್ಲಿ ಕೂತಿದ್ದ ಹಿಂಡಿನಲ್ಲಿ ಒಂದು ಹಕ್ಕಿ ಕತ್ತೆತ್ತಿತು. ಕೊರಳಲ್ಲಿ ಏನೋ ಹಸಿರು. ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂದುಕೊಂಡೆ. ಪೂರ್ತಿ ಜೂಮ್ ಎಳೆದು ನೋಡಿದರೆ ನೀಟಾದ ಪಟ್ಟಿ, ಮೇಲೆ ಬಿಳಿ ಅಕ್ಷರ. ಉಸಿರು ಹಿಡಿದು ನಲವತ್ತು ಸಲ ಒತ್ತಿದೆ. ಹಕ್ಕಿ ಕತ್ತು ತಿರುಗಿಸುತ್ತದೆ, ಅಕ್ಷರ ಅರ್ಧ ಮರೆಯಾಗುತ್ತದೆ, ಪಕ್ಕದ್ದು ಅಡ್ಡ ಬರುತ್ತದೆ. ನಲವತ್ತರಲ್ಲಿ ಒಂದರಲ್ಲಿ ಪೂರ್ತಿ ಓದಲು ಬಂತು. ಹಕ್ಕಿ ಅಧ್ಯಯನ ಮಾಡುವವರಿಗೆ ಕಳಿಸಿದೆ. ವಾರದ ಮೇಲೆ ಉತ್ತರ: ಮಂಗೋಲಿಯಾದಲ್ಲಿ ತೊಡಿಸಿದ ಪಟ್ಟಿ.

ಹಿಮಾಲಯ ದಾಟಿ ಬರುವ ಹಕ್ಕಿ ಎಂದು ಓದಿದ್ದೆ, 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ ಅಂತಲೂ ಓದಿದ್ದೆ. ಆದರೆ ಎಲ್ಲೋ ಒಬ್ಬ ಆ ಹಕ್ಕಿಯನ್ನು ಕೈಯಲ್ಲಿ ಹಿಡಿದು ಕೊರಳಿಗೆ ಅಕ್ಷರ ಕಟ್ಟಿದ್ದಾನೆ, ಅದನ್ನು ನಾನು ಶಿರಹಟ್ಟಿ ತಾಲೂಕಿನಲ್ಲಿ ಶೇಂಗಾ ತಿನ್ನುತ್ತ ಓದುತ್ತಿದ್ದೇನೆ! ಅವತ್ತು ಅಂಗಡಿ ತೆಗೆದಾಗ ಹನ್ನೊಂದು ಗಂಟೆ. ಕೊತ್ತಂಬರಿಯೂ ಮರೆತಿತ್ತು.

ಅವತ್ತಿನಿಂದ ಬೈಯುವುದು ಕಡಿಮೆಯಾಗಿದೆ. ಮೊಬೈಲಿನಲ್ಲಿ ಆ ಅಕ್ಷರ ಓದಲು ಸಾಧ್ಯವೇ ಇರಲಿಲ್ಲ. ಲಕ್ಷ ಮೀರುವ ಕ್ಯಾಮೆರಾ-ಲೆನ್ಸು ಜೋಡಿಯಲ್ಲಿ ಇನ್ನೂ ಚೆನ್ನಾಗಿ ಬರುತ್ತಿತ್ತು, ಆದರೆ ಅಷ್ಟು ದುಡ್ಡು ನನ್ನಲ್ಲಿದ್ದರೆ ಗೋದಾಮಿನ ತಗಡು ಬದಲಾಯಿಸುತ್ತೇನೆ.

ಕೆರೆ ಪಕ್ಕದ ಹೊಲದ ಅಜ್ಜ ಒಬ್ಬರು ದಿನಾ ಮಾತಾಡಿಸುತ್ತಾರೆ. ‘ಸಾವ್ಕಾರ್ರ, ರಾತ್ರಿಯೆಲ್ಲ ನನ್ನ ಕಡ್ಲಿ ಹೊಲದಾಗ ಇದ್ವು ನೋಡ್ರಿ ಇವು. ಫೋಟೊ ತಗದು ಬಾಡಗಿ ವಸೂಲಿ ಮಾಡಿಕೊಡ್ರಿ.’ ಒಂದು ದಿನ ಅವರಿಗೂ ಕಣ್ಣು ಹಚ್ಚಿ ನೋಡಲು ಕೊಟ್ಟೆ. ಹಕ್ಕಿ ಬಿಟ್ಟು ಆಚೆ ದಂಡೆಯ ಕಡೆ ತಿರುಗಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಯ್ಯ ಇವನ, ಎಮ್ಮಿ ಹಗ್ಗ ಹರಕೊಂಡೈತಿ!’ ಎಂದವರೇ ಕ್ಯಾಮೆರಾ ನನ್ನ ಕೈಗೆ ತುರುಕಿ ಓಡಿದರು. ಈಗ ಬಂದಾಗೊಮ್ಮೆ ಎಮ್ಮೆ ನೋಡಿಕೊಂಡೇ ಹೋಗುತ್ತಾರೆ.

ನಿಸರ್ಗದ ಚಿತ್ರಕ್ಕೆ ಹೇಗೆ ಎಂದು ಕೇಳುವವರಿಗೆ: ಅಗಲಕ್ಕೆ ತೆಗೆದರೆ ಮೊಬೈಲೇ ವಾಸಿ. ಇದರಲ್ಲಿ ಆಕಾಶ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಆದರೆ ದೂರದಿಂದ ಜೂಮ್ ಎಳೆದು ಕಪ್ಪತಗುಡ್ಡ ತೆಗೆದು ನೋಡಿ. ಒಂದರ ಹಿಂದೊಂದು ಸಾಲು, ಮೇಲೆ ಗಾಳಿಯಂತ್ರಗಳು, ನಡುವೆ ಮಂಜು, ಎಲ್ಲ ಒತ್ತೊತ್ತಾಗಿ ಬಂದು ಕೂರುತ್ತವೆ. ಗುಡ್ಡ ಹಸಿರಾಗುವುದು ಮುಂಗಾರಿನಲ್ಲಿ, ಆಗ ಬಿತ್ತನೆ ಬೀಜದ ಗದ್ದಲದಲ್ಲಿ ನನಗೆ ಉಸಿರಾಡಲು ಬಿಡುವಿಲ್ಲ. ಶ್ರಾವಣದ ಒಂದೆರಡು ಭಾನುವಾರ ಸಿಕ್ಕರೆ ಪುಣ್ಯ. ಚಿಗರಿ, ನೀಲಕಂಠ, ರಾಮದಾಸ ಹದ್ದು ಇವೆಲ್ಲ ದಾರಿಬದಿಯಲ್ಲೇ ಸಿಗುತ್ತವೆ, ಹತ್ತಿರ ಇರುವುದರಿಂದ ಚೆನ್ನಾಗಿಯೇ ಬರುತ್ತವೆ. ಹಾರುವಾಗ ಮಾತ್ರ ಕೇಳಬೇಡಿ. ಫೋಕಸ್ ಹಿಡಿಯುವ ಹೊತ್ತಿಗೆ ಹಕ್ಕಿ ಪಕ್ಕದ ತಾಲೂಕಿನಲ್ಲಿರುತ್ತದೆ. ಎರಡು ನಿಮಿಷ ಮುಟ್ಟದಿದ್ದರೆ ತಾನೇ ಮಲಗಿ, ಎಳೆದ ಜೂಮನ್ನೂ ಒಳಗೆ ಎಳೆದುಕೊಳ್ಳುವ ಚಟ ಬೇರೆ ಇದಕ್ಕಿದೆ. ಸೆಟ್ಟಿಂಗಿನಲ್ಲಿ ಆ ಸಮಯ ಹೆಚ್ಚಿಸಿಕೊಳ್ಳಿ, ಎರಡನೇ ಬ್ಯಾಟರಿ ಅದಕ್ಕೇ ಬೇಕು.

ಮೂರನೇ ವರ್ಷ ಲೆನ್ಸಿನೊಳಗೆ ದೂಳು ಹೊಕ್ಕಿತು. ಒಳಗೆ ಹೊರಗೆ ಓಡಾಡುವ ಲೆನ್ಸು, ನಮ್ಮ ಕಡೆಯ ರಾಶಿ ಕಾಲದ ದೂಳು, ಇದು ಆಗುವುದೇ. ಫೋಟೊದ ಬಲ ಮೇಲ್ಮೂಲೆಯಲ್ಲಿ ಒಂದು ಕಪ್ಪು ಮಚ್ಚೆ. ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದರೆ ಪೂರ್ತಿ ಲೆನ್ಸು ಭಾಗವೇ ಬದಲಾಯಿಸಬೇಕು, 14 ಸಾವಿರ ಎಂದರು. ಒಂದು ಮಚ್ಚೆಗೆ 14 ಸಾವಿರ! ನಮಸ್ಕಾರ ಹಾಕಿ ಬಂದೆ. ಕೊಳ್ಳುವವರು ರಾಶಿ ನಡೆಯುವ ಕಣದ ಹತ್ತಿರ ಮಾತ್ರ ಇದನ್ನು ತೆಗೆಯಬೇಡಿ.

ಈ ವರ್ಷ ಅಂಗಡಿಯ ಕ್ಯಾಲೆಂಡರಿಗೆ ನನ್ನದೇ ಫೋಟೊ ಹಾಕಿಸಿದೆ, ಎಂಟು ಗಂಟೆಯ ಎಳೆಬಿಸಿಲಿನಲ್ಲಿ ಮಾಗಡಿ ಕೆರೆ, ತುಂಬ ಹೆಬ್ಬಾತು. ಐನೂರು ಪ್ರತಿ ಹಂಚಿದ್ದೇನೆ. ಮಚ್ಚೆ ಬಲಗಡೆ ಮೇಲೆ, ಆಕಾಶದಲ್ಲಿ ಹಾಗೇ ಇದೆ. ‘ಅದೇನ್ರಿ, ಗಿಡುಗ ಏನು?’ ಎಂದು ರೈತರು ಕೇಳುತ್ತಾರೆ. ಹೌದು ಎನ್ನುತ್ತೇನೆ.