'ನವಜಾತ' ಎಂದರೆ ಮುಗಿಯಿತೇ? ಒಂದು ಕಿರು ನಿಘಂಟಿನ ವಿಮರ್ಶೆ

ತುಮಕೂರಿನ ಬಸ್ ನಿಲ್ದಾಣದ ಬಳಿ, ಪಿಯುಸಿ ಓದುತ್ತಿರುವ ಮಗಳಿಗೆಂದು 195 ರೂಪಾಯಿ ಕೊಟ್ಟು ಕೊಂಡ ಇಂಗ್ಲಿಷ್–ಕನ್ನಡ ಕಿರು ನಿಘಂಟನ್ನು ಎರಡು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೊಲಿಗೆ ಗಟ್ಟಿಯಾಗಿದೆ, ಅಕ್ಷರಗಳು ಕಣ್ಣಿಗೆ ಹಿತವಾಗಿವೆ. ಆಕ್ಷೇಪವಿರುವುದು ಅರ್ಥ ಕೊಡುವ ರೀತಿಯ ಬಗ್ಗೆ. ಅದನ್ನು ತೋರಿಸಲು 'ನೇಸೆಂಟ್' ಎಂಬ ಒಂದು ನಮೂದು ಸಾಕು.

ಅಲ್ಲಿರುವುದು 'ನವಜಾತ' ಎಂಬ ಒಂದೇ ಪದ. ನವಜಾತವೆಂದರೆ ಆಗಲೇ ಹುಟ್ಟಿರುವುದು. ಶಿಶುವಿಗೆ ಒಪ್ಪುವ ಮಾತು. ಇಂಗ್ಲಿಷಿನ ಪದವಾದರೋ 'ಹುಟ್ಟುತ್ತಿರುವ' ಎಂಬರ್ಥದ ಲ್ಯಾಟಿನ್ ಕೃದಂತದಿಂದ ಬಂದದ್ದು. ಇನ್ನೂ ರೂಪುಗೊಳ್ಳುತ್ತಿರುವುದನ್ನು ಅದು ಹೇಳುತ್ತದೆ. ಆ ಲ್ಯಾಟಿನ್ ಧಾತುವೂ ಸಂಸ್ಕೃತದ 'ಜನ್' ಧಾತುವೂ ಒಂದೇ ಮೂಲದವಾದ್ದರಿಂದ, ಲೆಕ್ಕಕ್ಕೆ 'ಜಾಯಮಾನ' ಅದಕ್ಕೆ ಸರಿಸಾಟಿಯಾಗಬೇಕಿತ್ತು; ಆದರೆ ಕನ್ನಡದಲ್ಲಿ ಅದು, 'ನನ್ನ ಜಾಯಮಾನಕ್ಕೆ ಒಗ್ಗದು' ಎನ್ನುವಾಗ ಬರುವ ಸ್ವಭಾವದ ಅರ್ಥಕ್ಕೆ ಹೊರಳಿಬಿಟ್ಟಿದೆ. (ಸ್ವಭಾವವನ್ನು ಹೇಳುವ ಇಂಗ್ಲಿಷಿನ 'ನೇಚರ್' ಕೂಡ ಅದೇ ಲ್ಯಾಟಿನ್ ಧಾತುವಿನದೆಂಬುದು ಸೊಗಸು.)

ರಸಾಯನಶಾಸ್ತ್ರದ ಬಳಕೆಯನ್ನಾದರೂ ಬೇರೆಯಾಗಿ ಕೊಡಬಹುದಿತ್ತು. ಸತುವಿಗೆ ಸಾರರಿಕ್ತ ಆಮ್ಲ ತಾಗಿದಾಗ ಹೈಡ್ರೋಜನ್ ಉಂಟಾಗುವ ಕ್ಷಣದಲ್ಲಿ ಹೆಚ್ಚು ಚುರುಕಾಗಿರುತ್ತದೆ ಎಂಬ ಹಳೆಯ ವಿವರಣೆಯಲ್ಲಿ ಈ ಪದ ಬರುತ್ತದೆ. ಆ ವಿವರಣೆಯನ್ನು ಇಂದಿನ ರಸಾಯನಶಾಸ್ತ್ರ ಒಪ್ಪದಿದ್ದರೂ ಪದ ಉಳಿದುಕೊಂಡಿದೆ. ಮಗಳು ತಡವರಿಸಿದ್ದು ಇಲ್ಲಿಯೇ.

ಉಳಿದ ಬಳಕೆಗಳಿಗೂ ಉದಾಹರಣೆಯಿಲ್ಲ. 2014ರಲ್ಲಿ ವಸಂತನರಸಾಪುರದ ಫುಡ್ ಪಾರ್ಕ್ ಉದ್ಘಾಟನೆಯಾದಾಗ ಅಲ್ಲಿನ ಆಹಾರ ಸಂಸ್ಕರಣಾ ಉದ್ಯಮಕ್ಕೆ ಈ ವಿಶೇಷಣ ಸಲ್ಲುತ್ತಿತ್ತು. ಅದನ್ನು 'ನವಜಾತ ಉದ್ಯಮ' ಎಂದರೆ ನಗೆಪಾಟಲು, 'ಆಗಷ್ಟೇ ತಲೆಯೆತ್ತುತ್ತಿದ್ದ ಉದ್ಯಮ' ಎಂದರೆ ಸಹಜ. ಕಟ್ಟಿ ಮುಗಿದ ಹೊಸ ಮನೆಗೆ ಈ ಪದ ಸಲ್ಲದು ಎಂಬ ಎಚ್ಚರವೂ ಇಲ್ಲ. ಕವಿಗೂ ಆಟಗಾರನಿಗೂ ನಾವು ದಿನವೂ ಬಳಸುವ 'ಉದಯೋನ್ಮುಖ' ಹೇಗೆ ಬಿಟ್ಟುಹೋಯಿತೋ ತಿಳಿಯದು. ಹೊಂಬಾಳೆಯಲ್ಲಿ ಆಗತಾನೆ ಕಟ್ಟುವ ತೆಂಗಿನಕಾಯಿಗೆ 'ಹರಳು' ಎಂದು, ಮಾವಿಗಾದರೆ 'ಹೀಚು' ಎಂದು, ತುಸು ಬೆಳೆದರೆ 'ಮಿಡಿ' ಎಂದು ಹಂತಹಂತಕ್ಕೆ ಹೆಸರಿಟ್ಟಿರುವ ಸೀಮೆಯಲ್ಲಿ ಒಂದೇ ಸಂಸ್ಕೃತ ಪದಕ್ಕೆ ತೃಪ್ತಿಪಡುವುದು ಸಂಪಾದಕರ ಅವಸರವೆಂದೇ ನನ್ನ ಭಾವನೆ.

ಪತ್ರಿಕೆ ಓದುವಾಗ ಥಟ್ಟನೆ ಅರ್ಥ ನೋಡಲು ಪುಸ್ತಕ ಅಡ್ಡಿಯಿಲ್ಲ. ವಿಜ್ಞಾನದ ವಿದ್ಯಾರ್ಥಿಗಳಿಗೆ ಕೊಳ್ಳುವವರು ಉದಾಹರಣೆ ವಾಕ್ಯಗಳಿರುವ ದೊಡ್ಡ ನಿಘಂಟನ್ನೇ ಆರಿಸಿಕೊಳ್ಳುವುದು ಮೇಲು. ನಮ್ಮ ಪ್ರತಿಯ ಅಂಚಿನಲ್ಲಿ ಮಗಳು 'ಹುಟ್ಟುತ್ತಿರುವ, ಉದಯೋನ್ಮುಖ' ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ.