ಹಳೆಯ ಕಲರ್ ಟಿ.ವಿ.ಗೊಂದು ಪ್ಯಾಟರ್ನ್ ಜನರೇಟರ್: ಆರು ತಿಂಗಳ ಬಳಕೆಯ ನಂತರ

ದೂರದರ್ಶನದ ಅನಲಾಗ್ ಪ್ರಸಾರ ಬಹುತೇಕ ನಿಂತುಹೋಗಿರುವುದರಿಂದ, 1980ರ ದಶಕದ ಕಲರ್ ಟಿ.ವಿ.ಗಳನ್ನು ಉಳಿಸಿಕೊಂಡವರಿಗೆ ಕಾರ್ಯಕ್ರಮಕ್ಕೆ ಮುನ್ನ ಬರುತ್ತಿದ್ದ ಬಣ್ಣದ ಪಟ್ಟಿಗಳ (ಕಲರ್ ಬಾರ್) ನೆರವು ಸೆಟ್ಟಿನ ಬಣ್ಣ ಹೊಂದಿಸಲು ಈಗ ಇಲ್ಲ. ಆ ಕೊರತೆ ನೀಗಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡದಾದ ಪಾಲ್ (ನಮ್ಮ ಅನಲಾಗ್ ಕಲರ್ ಟಿ.ವಿ.ಗಳ ಪದ್ಧತಿ) ಪ್ಯಾಟರ್ನ್ ಜನರೇಟರೊಂದನ್ನು, ಅಂದರೆ ಪರೀಕ್ಷಾ ಚಿತ್ರಗಳನ್ನು ಹೊಮ್ಮಿಸುವ ಯಂತ್ರವನ್ನು, ಕೊಂಡೆ. ಆಂಟೆನಾ ಸಾಕೆಟ್ಟಿಗೆ ಸಿಕ್ಕಿಸಿದರೆ ಕಲರ್ ಬಾರ್, ಕೆಂಪು ಪರದೆ, ಚೌಕುಳಿ ಗೆರೆಗಳು ಮತ್ತು ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲು ಬರುತ್ತವೆ.

ಕಲರ್ ಬಾರನ್ನು ಮೊದಲೇ ಹಾಕುವ ಆಸೆಯನ್ನು ತಡೆದುಕೊಳ್ಳಬೇಕು. ಪಿಕ್ಚರ್ ಟ್ಯೂಬನ್ನು ಡಿಗಾಸ್ ಮಾಡಿ (ಅದಕ್ಕೆ ಹತ್ತಿದ ಕಾಂತತ್ವವನ್ನು ತೆಗೆದು), ಕೆಂಪು ಪರದೆಯಲ್ಲಿ ಬೇರೆ ಬಣ್ಣದ ಕಲೆಗಳಿಲ್ಲವೆಂದು ಖಚಿತಪಡಿಸಿಕೊಂಡು, ಚೌಕುಳಿಯಲ್ಲಿ ಮೂರು ಬಣ್ಣದ ಗೆರೆಗಳನ್ನು ಒಂದಾಗಿಸಿ, ಬೂದು ಮೆಟ್ಟಿಲುಗಳಿಗೆ ಯಾವ ಬಣ್ಣವೂ ಹತ್ತದಂತೆ ಮಾಡಿದ ಮೇಲಷ್ಟೇ ಪಟ್ಟಿಗಳ ಮಾತನ್ನು ನಂಬಬಹುದು.

ಬಿಳಿ, ಹಳದಿ, ಸಯಾನ್, ಹಸಿರು, ಮೆಜೆಂಟಾ, ಕೆಂಪು, ನೀಲಿ, ಕಪ್ಪು: ಇದು ಎಡದಿಂದ ಬಲಕ್ಕೆ ಬೆಳಕು ಇಳಿಯುವ ಕ್ರಮ. ಈ ಯಂತ್ರದಲ್ಲಿ ಬಿಳಿಯೂ ಬಣ್ಣಗಳೂ ಶೇ. 75ರ ಮಟ್ಟದಲ್ಲೇ ಇರುವುದರಿಂದ, ನಾಟಕದ ದೀಪಕ್ಕೆ ಹಾಕುವ ಕಡುನೀಲಿ ಜಿಲಟಿನ್ ಹಾಳೆಯನ್ನು ಎರಡು ಪದರ ಮಡಚಿ ಅದರ ಮೂಲಕ ನೋಡಿದರೆ, ನೀಲಿ ಬೆರೆತಿರುವ ನಾಲ್ಕು ಪಟ್ಟಿಗಳು (ಬಿಳಿ, ಸಯಾನ್, ಮೆಜೆಂಟಾ, ನೀಲಿ) ಒಂದೇ ಸಮನೆ ಹೊಳೆಯಬೇಕು. ನೀಲಿ ಪಟ್ಟಿ ಬಿಳಿಗಿಂತ ಮಂಕಾಗಿದ್ದರೆ ಕಲರ್ ಗುಂಡಿಯನ್ನು ಇನ್ನಷ್ಟು ಏರಿಸಬೇಕು.

ಕೊಟ್ಟ ಹಣ ಸಾರ್ಥಕವೆನಿಸಿದ್ದು ಡಿಲೇ ಲೈನಿನ ಹೊಂದಾಣಿಕೆಯಲ್ಲಿ. ಚಿತ್ರದ 64 ಮೈಕ್ರೊಸೆಕೆಂಡಿನ ಒಂದು ಗೆರೆಯನ್ನು ಡಿಲೇ ಲೈನಿನಲ್ಲಿ ತಡೆದಿಟ್ಟು ಮುಂದಿನ ಗೆರೆಯೊಡನೆ ಬೆರೆಸಿ ವರ್ಣದೋಷವನ್ನು ಅಳಿಸುವುದು ಪಾಲ್ ಪದ್ಧತಿ. ಆ ಬೆರಕೆ ಕೆಟ್ಟರೆ ಪಟ್ಟಿಗಳ ಒಳಗೆ ಕಿಟಕಿಯ ಅಡ್ಡಪಟ್ಟಿಗಳಂಥ ಗೆರೆಗಳು ಏಳುತ್ತವೆ. ನನ್ನ ಇಪ್ಪತ್ತು ಇಂಚಿನ ಸೆಟ್ಟಿನ ಮೆಜೆಂಟಾ ಪಟ್ಟಿಯಲ್ಲಿ ಅವು ಎದ್ದು ಕಾಣುತ್ತಿದ್ದವು. ಸೆಟ್ಟಿನೊಳಗಿನ ಹೊಂದಾಣಿಕೆಯ ತಿರುಪಾದ ಪ್ರಿಸೆಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಕರಗಿದವು. ಯಾವುದೇ ಸಿನಿಮಾದ ದೃಶ್ಯ ನೋಡುತ್ತ ಈ ಕೆಲಸ ಮಾಡಲಾಗದು.

ದೊಡ್ಡ ದೋಷವೊಂದಿದೆ. ಯಂತ್ರ ಬಿಸಿಯಾದಂತೆ ಅದರ ಚಾನೆಲ್ ಮೆಲ್ಲನೆ ಸರಿಯುತ್ತದೆ. 4.43 ಮೆಗಾಹರ್ಟ್ಸಿನ ವರ್ಣಸಂಕೇತ ಚಾನೆಲ್ಲಿನ ಅಂಚಿನಲ್ಲೇ ಇರುವುದರಿಂದ ಚಿತ್ರ ನೆಟ್ಟಗಿದ್ದರೂ ಬಣ್ಣ ಮಾತ್ರ ಸೊರಗುತ್ತದೆ. ಇದು ತಿಳಿಯದೆ ಒಂದು ಸಂಜೆಯೆಲ್ಲ ಟಿ.ವಿ.ಯಲ್ಲಿ ಬಣ್ಣವನ್ನು ಬಿಡಿಸುವ ಡಿಕೋಡರ್ ಬೋರ್ಡನ್ನೇ ಶಂಕಿಸಿ, ಮುಟ್ಟಬಾರದ ಟ್ರಿಮ್ಮರನ್ನೂ ಮುಟ್ಟಿದೆ. ಈಗ ಅರ್ಧ ಗಂಟೆ ಮೊದಲೇ ಆನ್ ಮಾಡಿಟ್ಟು, ಬಣ್ಣ ಕುಗ್ಗಿದರೆ ಮೊದಲು ಟಿ.ವಿ.ಯ ಫೈನ್ ಟ್ಯೂನಿಂಗ್ (ಚಾನೆಲ್ಲನ್ನು ನಿಖರವಾಗಿ ಹಿಡಿಯುವ ಹೊಂದಾಣಿಕೆ) ನೋಡುತ್ತೇನೆ.