ಹಳೇ ಪ್ಯಾಲೆಟ್: ಎ ಗ್ರೇಡ್, ಬಿ ಗ್ರೇಡ್, ಕಟ್ಟಿ ಮಾಡಿದ್ದು, ಪ್ಲಾಸ್ಟಿಕ್ – ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಹಳೇ ಪ್ಯಾಲೆಟ್, ಅಂದ್ರೆ ಗೋಡೌನ್‌ನಲ್ಲಿ ಸಾಮಾನು ಪೇರಿಸಿ ಫೋರ್ಕ್‌ಲಿಫ್ಟ್‌ನಲ್ಲಿ ಎತ್ತೋ ಅಡಿಮಣೆ, ತಗೋಳೋಕೆ ಹೋದ್ರೆ ಮಾರೋರು ಮೊದಲು ಕೇಳೋದೇ "ಎ ಗ್ರೇಡ್ ಬೇಕಾ, ಬಿ ಸಾಕಾ" ಅಂತ. ನಾವು ಮೊದಲ ಸಲ ಏನೂ ಯೋಚಿಸದೆ ಬಿ ತಗೊಂಡ್ವಿ, ಮೇಲಿಂದ ನೋಡೋಕೆ ಚೆನ್ನಾಗೇ ಇದ್ವು. ಒಂದಿನ ರ‍್ಯಾಕ್‌ನ ಎರಡನೇ ಹಂತದಲ್ಲಿ ಒಂದು ಟನ್ ಮೂಟೆ ಹೊತ್ತಿದ್ದ ಪ್ಯಾಲೆಟ್ ನಡುವೆ ಬಾಗಿ ಸೀಳು ಬಿಟ್ಟಿತ್ತು, ಅದರ ಕೆಳಗೇ ನಮ್ಮ ಹುಡುಗರು ಓಡಾಡ್ತಿದ್ರು. ಯಾರಿಗೂ ಏನೂ ಆಗ್ಲಿಲ್ಲ, ಸದ್ಯ. ಆದ್ರೆ ಆವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಅದಾದ್ಮೇಲೆ ಎ ಗ್ರೇಡ್, ಬಿ ಗ್ರೇಡ್, ರೀಮ್ಯಾನುಫ್ಯಾಕ್ಚರ್ಡ್ ಅಂತಾರಲ್ಲ ಅಂದ್ರೆ ಹಳೇ ಪಟ್ಟಿ ಹೊಸ ಹಲಗೆ ಸೇರಿಸಿ ಮತ್ತೆ ಕಟ್ಟಿದ್ದು, ಆಮೇಲೆ ಹಳೇ ಪ್ಲಾಸ್ಟಿಕ್, ಒಂದೊಂದರಲ್ಲೂ 20 ತರಿಸಿ ಪಕ್ಕಕ್ಕೆ ಬೇರೆ ಬೇರೆ ಬಣ್ಣ ಬಳಿದು ಆರು ತಿಂಗಳು ಬಳಸಿದ್ವಿ. ಅದೇ ನೆಲ, ಅದೇ ಫೋರ್ಕ್‌ಲಿಫ್ಟ್, ಅದೇ ಜನ. ಮರದವು ಎಲ್ಲ 1219 x 1016 ಮಿ.ಮೀ. ಸೈಜು, ಅಂದ್ರೆ 48 x 40 ಇಂಚು. ಸೈಜು ಬೆರೆಸಿದ್ರೆ ಹೋಲಿಕೆನೇ ಕೆಟ್ಟೋಗತ್ತೆ, ರ‍್ಯಾಕ್‌ನಲ್ಲೂ ಸರಿ ಕೂರಲ್ಲ.

ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ. ಎ, ಬಿ ಅನ್ನೋದು ಎಲ್ಲಾ ಕಡೆ ಒಂದೇ ಅರ್ಥ ಅಲ್ಲ, ಮಾರೋರು ಅವರವರ ಲೆಕ್ಕದಲ್ಲಿ ಕರೀತಾರೆ. ಸಾಮಾನ್ಯವಾಗಿ ಎ ಅಂದ್ರೆ ಸ್ಟ್ರಿಂಗರ್ ಮುರಿದಿಲ್ಲ, ಸೀಳಿದ್ದಕ್ಕೆ ಆಸರೆಯಾಗಿ ಪಕ್ಕಕ್ಕೆ ಜೋಡುಪಟ್ಟಿ ಹಾಕಿಲ್ಲ ಅಂತ, ಬಿ ಅಂದ್ರೆ ರಿಪೇರಿ ಆಗಿದೆ ಅಂತ. ಸ್ಟ್ರಿಂಗರ್ ಅಂದ್ರೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಅಂಚಿನ ಮೇಲೆ ನಿಂತಿರೋ ಮೂರು ದಪ್ಪ ಪಟ್ಟಿ, ಭಾರ ಎಲ್ಲಾ ಹೊರೋದು ಅವೇ. ಆದ್ರೆ ತಗೋಳೋವಾಗ ನಾವೆಲ್ಲ ನೋಡೋದು ಮೇಲಿನ ಹಲಗೆ ಬೆಳ್ಳಗಿದೆಯಾ ಕಪ್ಪಗಿದೆಯಾ ಅಂತ. ನಾನೂ ಅದನ್ನೇ ಮಾಡಿದ್ದು.

ಎ ಗ್ರೇಡ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ರ‍್ಯಾಕ್ ಮೇಲೆ ಒಂದೂ ಬಾಗ್ಲಿಲ್ಲ, ಫೋರ್ಕ್ ಸಲೀಸಾಗಿ ಹೋಗ್ತಿತ್ತು. ಆದ್ರೆ ಎ ಅಂದ್ರೆ ಒಣಗಿದೆ ಅಂತ ಅರ್ಥ ಅಲ್ಲ, ಇದು ನಾನು ಕಲಿತಿದ್ದು. 20ರಲ್ಲಿ ಎರಡಕ್ಕೆ ಕಾರ್ಟನ್ ಕೆಳಗೆ ಫಂಗಸ್ ಹಿಡಿದಿತ್ತು, ಕಾರ್ಟನ್ ತಳ ಮೆತ್ತಗಾಗಿ ಬಂತು. ಮರದ ತೇವಾಂಶ 20%ಗಿಂತ ಕೆಳಗಿದ್ರೆ ಸಾಮಾನ್ಯವಾಗಿ ಫಂಗಸ್ ಹಿಡಿಯಲ್ಲ, ಅದಕ್ಕೆ ಮಾಯಿಶ್ಚರ್ ಮೀಟರ್ ಒಂದು ಇಟ್ಕೊಂಡ್ರೆ ಒಳ್ಳೇದು. ಮೀಟರ್ ಇಲ್ದಿದ್ರೆ ಅದೇ ಲಾಟ್‌ನಲ್ಲಿ ಎರಡು ಪ್ಯಾಲೆಟ್ ತೂಕ ಹಾಕಿ ನೋಡಿ, ಮಳೆಯಲ್ಲಿ ನಿಂತಿದ್ದು ತಕ್ಷಣ ಗೊತ್ತಾಗತ್ತೆ. ಎಚ್‌ಟಿ (ಹೀಟ್ ಟ್ರೀಟ್‌ಮೆಂಟ್) ಸೀಲ್ ಇದೆಯಲ್ಲ ಅಂತ ನಂಬ್ಕೊಂಡು ಕೂರಬೇಡಿ, ಅದು ಹುಳ ಸಾಯಿಸೋಕೆ ಕಾಯಿಸಿದ್ದು, ಒಣಗಿಸಿದ್ದಲ್ಲ.

ಬಿ ಗ್ರೇಡೇ ಇಡೀ ವಿಷಯದ ತಿರುಳು, ಯಾಕಂದ್ರೆ ದುಡ್ಡು ಉಳಿಯೋದೂ ಇಲ್ಲೇ, ಮೋಸ ಹೋಗೋದೂ ಇಲ್ಲೇ. ನಮ್ಮ 20 ಬಿಯನ್ನ ಒಂದೊಂದಾಗಿ ಮಗುಚಿ ಹಾಕಿ ಮಂಡಿ ಊರಿ ನೋಡ್ದೆ. ನಾಲ್ಕೂ ಕಡೆಯಿಂದ ಫೋರ್ಕ್ ಹೋಗ್ಲಿ ಅಂತ ಸ್ಟ್ರಿಂಗರ್ ಕೆಳಗೆ ಕಚ್ಚು ಕೊಯ್ದಿರ್ತಾರೆ, ಆ ಕಚ್ಚಿನ ಮೂಲೆಯಿಂದಾನೇ ಸೀಳು ಶುರುವಾಗಿ ಮರದ ನಾರಿನ ಗುಂಟ ಓಡತ್ತೆ, ಕೂದಲೆಳೆ ಥರ ಕಾಣತ್ತೆ, ಧೂಳು ತುಂಬಿದ್ರೆ ಕಾಣೋದೂ ಇಲ್ಲ. ಬಟ್ಟೆಯಲ್ಲಿ ಒರೆಸಿ ಟಾರ್ಚ್ ಓರೆಯಾಗಿ ಬಿಟ್ರೆ ಗೆರೆ ಎದ್ದು ಕಾಣತ್ತೆ. ಅಂಥ ಸೀಳಿನ ಪಕ್ಕಕ್ಕೆ ಇನ್ನೊಂದು ಪಟ್ಟಿ ಕೂರಿಸಿ ಮೊಳೆ ಹೊಡೆದಿರೋದೇ ಜೋಡುಪಟ್ಟಿ. ಪೂರ್ತಿ ಉದ್ದಕ್ಕೆ ಹಾಕಿ ಗಟ್ಟಿಯಾಗಿ ಮೊಳೆ ಹೊಡೆದಿದ್ರೆ ಒಳ್ಳೇ ರಿಪೇರಿ. ನಮ್ಮಲ್ಲಿ ಮೂರರಲ್ಲಿ ಅರ್ಧ ಉದ್ದದ ತುಂಡು, ಮೂರೇ ಮೊಳೆ, ಕೈಯಲ್ಲಿ ಅಲ್ಲಾಡಿಸಿದ್ರೆ ಅಲ್ಲಾಡ್ತಿತ್ತು. ಆವತ್ತು ರ‍್ಯಾಕ್ ಮೇಲೆ ಬಾಗಿದ್ದೂ ಇಂಥದ್ದೇ.

ಇನ್ನೊಂದು ತೊಂದ್ರೆ ಏನಂದ್ರೆ ಜೋಡುಪಟ್ಟಿ ಒಳಗಡೆ ಬಂದಿದ್ರೆ ಫೋರ್ಕ್ ಹೋಗೋ ಜಾಗ ಕಿರಿದಾಗತ್ತೆ, ಹ್ಯಾಂಡ್ ಪ್ಯಾಲೆಟ್ ಟ್ರಕ್ ಗುದ್ದುತ್ತೆ, ಗುದ್ದಿ ಗುದ್ದಿ ರಿಪೇರಿನೇ ಬಿಚ್ಚಿಕೊಳ್ಳತ್ತೆ.

ಆದ್ರೂ ಬಿ ಬೇಡ ಅಂತ ನಾನು ಹೇಳಲ್ಲ. ನೆಲದ ಮೇಲೆ ಇಡೋಕೆ, ಲಾರಿಗೆ ಹಾಕಿ ಒಂದು ಸಲ ಕಳಿಸಿ ವಾಪಸ್ ಬರದೆ ಇರೋದಕ್ಕೆ, ಬಿ ಧಾರಾಳ ಸಾಕು. ನೆಲದ ಮೇಲೆ ಪ್ಯಾಲೆಟ್‌ಗೆ ಪೂರ್ತಿ ಆಸರೆ ಇರತ್ತೆ, ರ‍್ಯಾಕ್‌ನಲ್ಲಿ ಎರಡು ಬೀಮ್ ಮೇಲೆ ಮಾತ್ರ ಕೂತು ಮಧ್ಯ ಖಾಲಿ, ಅದಕ್ಕೇ ಅದೇ ಪ್ಯಾಲೆಟ್ ನೆಲದ ಮೇಲೆ ಹೊರೋ ಭಾರ ರ‍್ಯಾಕ್ ಮೇಲೆ ಹೊರಲ್ಲ. ರ‍್ಯಾಕ್‌ಗೆ ಬಿ ಏರಿಸೋದನ್ನ ನಾವು ಪೂರ್ತಿ ನಿಲ್ಲಿಸಿದ್ವಿ.

ಕಟ್ಟಿ ಮಾಡಿದ್ದು, ಅಂದ್ರೆ ರೀಮ್ಯಾನುಫ್ಯಾಕ್ಚರ್ಡ್, ನನಗೆ ಅಂದ್ಕೊಂಡಿದ್ದಕ್ಕಿಂತ ಇಷ್ಟ ಆಯ್ತು. ಹಲಗೆ ಹೊಸದು, ಮೊಳೆ ಹೊಸದು, ಚೀಲ ಹರಿಯಲ್ಲ. ಹಳೇದರಲ್ಲಿ ಮೊಳೆ ತಲೆ ಎದ್ದು ಚೀಲ ಸೀಳಿ ಪುಡಿ ಸೋರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಆದ್ರೆ ಒಳಗಿನ ಸ್ಟ್ರಿಂಗರ್ ಹಳೇದೇ, ಹೊಸ ಹಲಗೆ ಹೊದ್ಕೊಂಡು ಒಳ್ಳೇದಾಗಿ ಕಾಣತ್ತೆ ಅಷ್ಟೇ. ಇದನ್ನೂ ಮಗುಚಿ ನೋಡ್ಲೇಬೇಕು. 20ರಲ್ಲಿ ನಮಗೆ ಒಂದು ಮಾತ್ರ ಕೈಕೊಟ್ಟಿತು.

ಎಕ್ಸ್‌ಪೋರ್ಟ್ ಇರೋರಿಗೆ ಇಲ್ಲಿ ಒಂದು ಮಾತು. ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ 15 ಅಂತ ಅಂತರರಾಷ್ಟ್ರೀಯ ನಿಯಮ ಇದೆ, 2002ರಿಂದ. ಎಚ್‌ಟಿ ಅಂದ್ರೆ ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಡದೆ ಕಾಯಿಸಿದ್ದು, ಎಂಬಿ ಅಂದ್ರೆ ಮೀಥೈಲ್ ಬ್ರೊಮೈಡ್ ಹೊಗೆ ಕೊಟ್ಟಿದ್ದು. ಎಂಬಿ ಗುರುತಿರೋದನ್ನ ನಾವು ತಿನ್ನೋ ಸಾಮಾನಿನ ಹತ್ರ ತರೋದೇ ಇಲ್ಲ, ಅದು ನಮ್ಮ ನಿರ್ಧಾರ. ಸುಮಾರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಭಾಗ ಬದಲಾಯಿಸಿ ಕಟ್ಟಿದ್ರೆ ಹಳೇ ಗುರುತು ಅಳಿಸಿ ಪುನಃ ಟ್ರೀಟ್ ಮಾಡಿ ಹೊಸ ಗುರುತು ಹಾಕ್ಬೇಕು. ಹಾಗಾಗಿ ಹಲಗೆ ಎಲ್ಲಾ ಹೊಸದು, ಸೀಲ್ ಮಾತ್ರ ಮಾಸಿದ ಹಳೇದು ಅಂತ ಕಂಡ್ರೆ ಅಲ್ಲೇ ನಿಲ್ಲಿಸಿ ಕೇಳಿ.

ಪ್ಲಾಸ್ಟಿಕ್‌ಗೆ ಈ ನಿಯಮದ ತಲೆನೋವಿಲ್ಲ, ಮೊಳೆ ಇಲ್ಲ, ತೊಳೀಬಹುದು. ನಮ್ಮ ಕಾರ್ಟನ್ ಸೆಕ್ಷನ್‌ಗೆ ಇದೇ ಸರಿ ಹೋಯ್ತು. ಆದ್ರೆ ಒಂದರೊಳಗೊಂದು ಕೂರೋ ಒಂಬತ್ತು ಕಾಲಿನ ಮಾಡೆಲ್ ಬಂದ್ಬಿಟ್ಟಿತ್ತು, ಅದನ್ನ ರ‍್ಯಾಕ್‌ಗೆ ಹಾಕೋ ಹಾಗೇ ಇಲ್ಲ. ಮೂಟೆ ಜಾರತ್ತೆ, ಸ್ಟ್ರೆಚ್ ಫಿಲ್ಮ್ ಬಿಗಿಯಾಗಿ ಸುತ್ತಬೇಕು. ಫೋರ್ಕ್ ತಗುಲಿ ಒಡೆದ್ರೆ ಮರದ ಥರ ಹಲಗೆ ಬದಲಾಯಿಸೋಕಾಗಲ್ಲ, ಎಸೀಬೇಕು. ಬಿಸಿಲಲ್ಲಿ ವರ್ಷಗಟ್ಟಲೆ ಇದ್ದಿದ್ದು ಬಣ್ಣ ಮಾಸಿ ಪೆಡಸಾಗಿರತ್ತೆ, ಅಂಥದ್ದು ಬೇಡ.

ಬಾಡಿಗೆ ಪೂಲ್ ಕಂಪನಿಗಳ, ಅಂದ್ರೆ ಪ್ಯಾಲೆಟ್‌ನ ಬಾಡಿಗೆಗೆ ಕೊಟ್ಟು ವಾಪಸ್ ತಗೊಳ್ಳೋ ಕಂಪನಿಗಳ, ಬಣ್ಣ ಬಳಿದ ಪ್ಯಾಲೆಟ್, ಮುಖ್ಯವಾಗಿ ನೀಲಿದು, ಲಾಟ್‌ನಲ್ಲಿ ಬಂದ್ರೆ ದಯವಿಟ್ಟು ದುಡ್ಡು ಕೊಟ್ಟು ತಗೋಬೇಡಿ. ಅದು ಆ ಕಂಪನಿ ಆಸ್ತಿ, ಮಾರೋ ಹಕ್ಕು ಮಾರೋರಿಗೇ ಇರಲ್ಲ.

ಈಗ ನಾವು ಮಾಡ್ತಿರೋದು: ರ‍್ಯಾಕ್‌ಗೆ ಎ ಮತ್ತೆ ಆರಿಸಿದ ರೀಮ್ಯಾನುಫ್ಯಾಕ್ಚರ್ಡ್, ನೆಲಕ್ಕೂ ಒನ್ ವೇ ಡಿಸ್ಪ್ಯಾಚ್‌ಗೂ ಬಿ, ಕಾರ್ಟನ್‌ಗೆ ಪ್ಲಾಸ್ಟಿಕ್. ಪಕ್ಕದ ಬಣ್ಣ ಹಾಗೇ ಮುಂದುವರೆಸಿದೀವಿ, ಹಳದಿ ಅಂದ್ರೆ ಬಿ, ಹಳದಿ ರ‍್ಯಾಕ್ ಮೇಲೆ ಕಂಡ್ರೆ ಯಾರೇ ಆಗ್ಲಿ ತಕ್ಷಣ ಇಳಿಸ್ಬೇಕು ಅಂತ ಎಲ್ಲರಿಗೂ ಹೇಳಿದೀವಿ. ಹೊಸ ಲಾಟ್ ಬಂದಾಗ ಕಟ್ಟಿನ ಮೇಲಿನ ನಾಲ್ಕನ್ನ ಬಿಟ್ಟು ಮಧ್ಯದಿಂದ ಐದು ಎಳೆದು ಮಗುಚಿ ನೋಡ್ತೀವಿ, ಒಳ್ಳೇವು ಯಾವಾಗ್ಲೂ ಮೇಲೇ ಇರ್ತಾವೆ. ಐದರಲ್ಲಿ ಎರಡರ ಜೋಡುಪಟ್ಟಿ ಅಲ್ಲಾಡಿದ್ರೆ ಗಾಡಿ ಇಳಿಸಲ್ಲ. ಹೋದ ಸಲ ಹಾಗೇ ಒಂದು ಲೋಡ್ ವಾಪಸ್ ಕಳಿಸಿದ್ವಿ, ಮಾರೋರಿಗೆ ಬೇಜಾರಾಯ್ತು, ಆದ್ರೆ ಮುಂದಿನ ಲೋಡ್ ಅವರೇ ಆರಿಸಿ ಕಳಿಸಿದ್ರು.